ಏಳನೆಯ ವಿಷಯಕ್ಕೆ ಕೋರಂ ಇಲ್ಲ

ಸಿಟ್ಟು ಬಂದಾಗ ಬಾಯಿ ತುಂಬ ಕೂಗಾಡುವವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ನನ್ನ ನೌಕರಿಯಲ್ಲಿ ಆ ಸೌಲಭ್ಯವಿಲ್ಲ. ನಾನು ಗ್ರಾಮ ಪಂಚಾಯಿತಿಯೊಂದರ ಕಾರ್ಯದರ್ಶಿ. ಬೇರೆಯವರು ಕೂಗಾಡಿದ್ದನ್ನು ನಡಾವಳಿ ಪುಸ್ತಕದಲ್ಲಿ ದುಂಡಗೆ ಬರೆಯುವುದು ನನ್ನ ಕೆಲಸ. ಮನೆ ಇರುವುದು ಕಲಬುರಗಿಯಲ್ಲಿ, ಶರಣಬಸವೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ. ದಿನಾ ಬಸ್ಸಿನಲ್ಲಿ ಕಮಲಾಪುರಕ್ಕೆ ಹೋಗಿ, ಅಲ್ಲಿಂದ ಟಂಟಂ ಆಟೋ ಹಿಡಿದು ಊರು ಸೇರಬೇಕು. ಊರಿನ ಹೆಸರು ಹೇಳುವುದಿಲ್ಲ, ಇನ್ನೂ ಆರು ವರ್ಷ ಸರ್ವಿಸ್ ಬಾಕಿ ಇದೆ.

ಸಭೆ ನಡೆಸುವ ನಿಯಮ ಓದಲಿಕ್ಕೆ ಬಹಳ ಸರಳ. ಮುಂಚಿತವಾಗಿ ನೋಟಿಸು ಕಳಿಸಬೇಕು, ಅದರ ಜೊತೆ ವಿಷಯಗಳ ಪಟ್ಟಿ ಇರಬೇಕು, ಪಟ್ಟಿಯ ಕ್ರಮದಲ್ಲೇ ಚರ್ಚೆಯಾಗಬೇಕು. ಒಂದನೆಯ ವಿಷಯ ಯಾವಾಗಲೂ ಹಿಂದಿನ ಸಭೆಯ ನಡಾವಳಿಯನ್ನು ಓದಿ ದೃಢೀಕರಿಸುವುದು. ನಡುವೆ ಸದಸ್ಯರು ಎದ್ದು ಹೋಗಿ ಕೋರಂ ತಪ್ಪಿದರೆ ಸಭೆ ಮುಂದಕ್ಕೆ ಹೋಗುತ್ತದೆ. ನಮ್ಮಲ್ಲಿ ಹೀಗೆ ಮೂರು ಸಲ ಮುಂದಕ್ಕೆ ಹೋದದ್ದು ಏಳನೆಯ ವಿಷಯ: ಕೆಳಗಿನ ಓಣಿಗೆ ನಳದ ಪೈಪು ಹಾಕುವುದು. ಆ ಓಣಿಯ ಮೆಹಬೂಬ್ ಬೀ ಮೊಣಕಾಲು ನೋವಿನ ಹೆಂಗಸು. ಶಾಲೆಯ ಬೋರಿನಿಂದ ನೀರು ಹೊರುತ್ತಾಳೆ. ಸಭೆಯ ದಿನ ಖಾಲಿ ಕೊಡ ಇಟ್ಟುಕೊಂಡು ಪಂಚಾಯಿತಿ ಕಟ್ಟೆಯ ಮೇಲೆ ಕೂತಿರುತ್ತಾಳೆ.

"ಏಳು ನಂಬರ್ ಬಂತೇನ್ರೀ ಸಾಹೇಬ್ರ?"

"ಇಲ್ಲ ಬೀ, ಇನ್ನಾ ಒಂದೇ ನಂಬರ್ ನಡದದ."

ಇದನ್ನು ಹೇಳುವಾಗ ನನಗೆ ಸದಸ್ಯರ ಮೇಲೆ ಮೈಯೆಲ್ಲ ಉರಿಯುತ್ತಿತ್ತು. ಮೂರು ತಾಸು ಒಂದನೆಯ ವಿಷಯದ ಮೇಲೆ ಜಗಳಾಡುತ್ತಾರೆ, ಆಮೇಲೆ ಒಬ್ಬನಿಗೆ ಹೊಲ ನೆನಪಾಗುತ್ತದೆ, ಇನ್ನೊಬ್ಬನಿಗೆ ಲಗ್ನ. ಕುರ್ಚಿಗಳು ಖಾಲಿ, ಕೋರಂ ಢಮಾರ್! ಜಗಳವಾದರೂ ಎಂಥದು? ನಾನು ನಡಾವಳಿ ಓದುತ್ತಿದ್ದಂತೆ ಮೇಲಿನ ಓಣಿಯ ಸದಸ್ಯ ಮಲ್ಲಣ್ಣ ಎದ್ದು ನಿಲ್ಲುತ್ತಾನೆ. "ನಾ ಎಲ್ಲಿ ಗುಡುಗೀನ್ರಿ? ಸುಮ್ಮ ಕೇಳೀನಿ. 'ಮಲ್ಲಣ್ಣನವರು ಕೆರಳಿ ಗುಡುಗಿದರು' ಅಂತ ಬರದೀರಲ್ಲ?" ಆಗ ಇನ್ನೊಬ್ಬ ಸದಸ್ಯ ಹುಸೇನ್ ಸಾಬ್, "ಅವ್ರಿಗಿ ಗುಡುಗಿದ್ರು ಅಂತ ಬರದೀರಿ, ನಾ ಅಷ್ಟು ಜೋರ್ ಮಾತಾಡೀನಿ, ನಂಗ್ಯಾಕ ಬರೇ 'ನುಡಿದರು'?" ಎಂದು ಮೇಜು ಕುಟ್ಟುತ್ತಾರೆ. ನನಗೋ ಕಾಲೇಜಿನಲ್ಲಿ ಪ್ರಬಂಧ ಸ್ಪರ್ಧೆಯ ಬಹುಮಾನ ಬಂದಾಗಿನಿಂದ ಒಂದು ವಾಕ್ಯವನ್ನೂ ಬೋಳಾಗಿ ಬಿಡುವ ಮನಸ್ಸಾಗುವುದಿಲ್ಲ. ಈ ಜಗಳವನ್ನೂ ಚಾಚೂ ತಪ್ಪದೆ ಮುಂದಿನ ನಡಾವಳಿಯಲ್ಲಿ ಬರೆದೆ. ಅದರ ಮೇಲೆ ಆದ ಜಗಳವನ್ನು ಅದರ ಮುಂದಿನದರಲ್ಲಿ. ಎರಡು ಪುಟದ ನಡಾವಳಿ ಹನ್ನೊಂದು ಪುಟಕ್ಕೆ ಬೆಳೆಯಿತು.

ಅಕ್ಷರ ಚೆನ್ನಾಗಿ ಬರಲೆಂದು ಪುಸ್ತಕವನ್ನು ಮನೆಗೇ ತರುತ್ತಿದ್ದೆ. ತರಬಾರದು, ನನಗೂ ಗೊತ್ತು. "ಆಫೀಸಿನಾಗ ಕುಂತು ಬರೀಲಿಕ್ಕಿ ಬರಂಗಿಲ್ಲೇನ್ರೀ?" ಎಂದು ಹೆಂಡತಿ ಬೈಯುತ್ತಾಳೆ. ಬೈದು, ಸೊಪ್ಪು ಸೋಸುತ್ತ ಪಕ್ಕದಲ್ಲೇ ಕೂತು, "ಮುಂದ ಮಲ್ಲಣ್ಣ ಏನಂದ?" ಎಂದು ಕೇಳುತ್ತಾಳೆ. ಇಂಥ ಓದುಗರು ಸಿಕ್ಕ ಮೇಲೆ ಚಿಕ್ಕದಾಗಿ ಬರೆಯುವುದು ಹೇಗೆ?

ನಾಲ್ಕನೆಯ ಸಲದ ಸಭೆಯ ದಿನ ನನ್ನ ಬಸ್ಸು ಕಮಲಾಪುರ ಮುಟ್ಟುವ ಮೊದಲೇ ಕೆಟ್ಟು ನಿಂತಿತು. ಅಧ್ಯಕ್ಷೆ ಸಿದ್ದಮ್ಮ ಫೋನು ಮಾಡಿದರು. "ಕೋರಂ ಆಗ್ಯದ. ನಡಾವಳಿ ಪುಸ್ತಕ ಎಲ್ಲದರೀ?"

"ನನ್ನ ಚೀಲದಾಗ ಅದ್ರಿ."

ಸತ್ಯ ಹೇಳುತ್ತೇನೆ, ನನಗೆ ಒಳಗೊಳಗೇ ಖುಷಿಯಾಯಿತು. ನಾನಿಲ್ಲದೆ ಹೇಗೆ ನಡೆಸುತ್ತಾರೋ ನಡೆಸಲಿ! ಇನ್ನೊಂದು ಬಸ್ಸು ಹಿಡಿದು ಕಮಲಾಪುರದಲ್ಲಿ ಇಳಿದವನು ಸಾವಕಾಶವಾಗಿ ಒಂದು ಕೆಂಪು ಬಾಳೆಹಣ್ಣು ತಿಂದೆ, ಮನೆಗೆಂದು ಅರ್ಧ ಡಜನ್ ಕಟ್ಟಿಸಿಕೊಂಡೆ. ಊರು ಮುಟ್ಟುವಾಗ ಎರಡು ತಾಸು ತಡ. ಜವಾನ ಕುರ್ಚಿ ಎತ್ತಿಡುತ್ತಿದ್ದ. ಮತ್ತೆ ಕೋರಂ ತಪ್ಪಿತು ಎಂದುಕೊಂಡು, ಸದಸ್ಯರಿಗೆ ಹೇಳಬೇಕಾದ ಖಾರದ ಮಾತುಗಳನ್ನು ಮನಸ್ಸಿನಲ್ಲೇ ಜೋಡಿಸುತ್ತ ಒಳಗೆ ಹೋದೆ.

"ಎಲ್ಲಾ ಮುಗೀತ್ರಿ," ಎಂದರು ಸಿದ್ದಮ್ಮ. "ಹನ್ನೆರಡೂ ವಿಷಯ ಆದವು."

"ಒಂದನೇದು?"

"ಪುಸ್ತಕ ಇದ್ದಿಲ್ಲಲ್ಲ, ಓದಾದು ಮುಂದಕ್ಕ ಹಾಕಿ ಎರಡರಿಂದ ಶುರು ಮಾಡಿದ್ವಿ. ಪೈಪಿಂದು ಮಲ್ಲಣ್ಣನೇ ಸೂಚಿಸ್ದ, ಹುಸೇನ್ ಸಾಬ್ರು ಅನುಮೋದಿಸಿದ್ರು. ಚಾ ಬರೂದ್ರಾಗ ಮುಗೀತು."

ನನ್ನ ಬದಲು ನಡಾವಳಿ ಬರೆದುಕೊಂಡಿದ್ದ ನಮ್ಮ ಪಂಚಾಯಿತಿ ಅಧಿಕಾರಿ, ಪಿಡಿಓ ಮೇಡಂ, ಬಿಳಿ ಹಾಳೆಯೊಂದನ್ನು ನನ್ನ ಕೈಗಿತ್ತರು. ಏಳನೆಯ ವಿಷಯದ ಮುಂದೆ ಎರಡೇ ಪದ: "ಸರ್ವಾನುಮತದಿಂದ ಒಪ್ಪಲಾಯಿತು." ಗುಡುಗಿಲ್ಲ, ನುಡಿಯಿಲ್ಲ. ಆ ಹೆಂಗಸು ಮೂರು ತಿಂಗಳು ಹೆಚ್ಚಿಗೆ ಕೊಡ ಹೊತ್ತದ್ದು ಯಾರ ದೆಸೆಯಿಂದ ಎಂದು ಹೊಳೆದು ನನಗೆ ನಾಚಿಕೆಯಾಯಿತು. ಮೆಹಬೂಬ್ ಬೀ ಬಾಗಿಲಿಗೆ ಬಂದು, "ನಿಮ್ಮಿಂದನೇ ಆಯ್ತ್ರಿ ಸಾಹೇಬ್ರ" ಎಂದು ಕೈ ಮುಗಿದಳು. ಮನೆಗೆಂದು ತಂದಿದ್ದ ಬಾಳೆಹಣ್ಣನ್ನು ಅವಳ ಖಾಲಿ ಕೊಡದಲ್ಲಿ ಇಟ್ಟೆ.

ಆಫೀಸಿನಲ್ಲೇ ಕೂತು ಹಾಳೆಯನ್ನು ಪುಸ್ತಕಕ್ಕೆ ಇಳಿಸಿದೆ. ಅರ್ಧ ಪುಟಕ್ಕೆ ಮುಗಿದುಹೋಯಿತು. ಸಹಿ ಹಾಕುತ್ತ ಸಿದ್ದಮ್ಮ ಮೆಲ್ಲಗೆ ಅಂದರು: "ಮುಂದಿನ ತಿಂಗಳ ಗಟಾರದ ವಿಷಯ ಅದರೀ. ಅದೂ ಭಾಳ ದಿನದಿಂದ ನಿಂತದ. ನೀವು ಜರಾ ಸಾವಕಾಶ ಬರ್ರಿ."

ಆ ನಡಾವಳಿಯಲ್ಲಿ ನಾನಾಗಿ ಸೇರಿಸಿದ್ದು ಕೊನೆಯ ಒಂದೇ ಸಾಲು: "ಕಾರ್ಯದರ್ಶಿ ಗೈರುಹಾಜರು, ಸಭೆ ಸುಗಮವಾಗಿ ನಡೆಯಿತು." ನಾನು ಬರೆದದ್ದಕ್ಕೆ ಯಾರೂ ತಕರಾರು ತೆಗೆಯದಿದ್ದದ್ದು ಅದೇ ಮೊದಲು.