ನೆರಳಿಗೆ ಬಿಟ್ಟ ಚಿಟ್ಟೆ

ಸಕ್ಕರೆ ಕಾರ್ಖಾನೆಗೆ ಬಂದಿಳಿದ ಸುಣ್ಣದ ಕಲ್ಲಿನ ರಾಶಿಯಲ್ಲಿ ಶ್ರೇಣಿಕ ಮಾಸ್ತರರಿಗೆ ಒಂದು ಏರೋಪ್ಲೇನ್ ಚಿಟ್ಟೆ ಸಿಕ್ಕಿದ್ದೇ ಎಲ್ಲಕ್ಕೂ ಮೂಲ. ಕೋಟ್ಯಂತರ ವರ್ಷಗಳ ಹಿಂದೆ ಸತ್ತು ಕಲ್ಲಾದದ್ದು. ರೆಕ್ಕೆಯ ಒಂದೊಂದು ನರವೂ ನಿನ್ನೆ ಬರೆದಂತಿತ್ತು. ಹುಳಕ್ಕಾಗಿ ಕಲ್ಲು ಒಡೆಯುವ ಮಾಸ್ತರರನ್ನು ಕಂಡು ಶಿರಗುಪ್ಪಿ ಊರೇ ನಕ್ಕಿತ್ತು. ಈಗ ನಿಪ್ಪಾಣಿಯ ಪ್ರೊಫೆಸರ್ ಸಂಗ್ರಾಮ ಅವರು ಫೋಟೊ ನೋಡಿ, "ಸಂಜಿಕ ನಾನ ಬರತೇನ್ರಿ. ಖರೇ ಇದ್ರ ಮ್ಯೂಸಿಯಂನಾಗ ಇಟ್ಟು ಮ್ಯಾಲ ನಿಮ್ಮ ಹೆಸರಿನ ಫಲಕ ಹಾಕೋಣು" ಎಂದಿದ್ದರು. ಮಾಸ್ತರರ ಕಾಲು ನೆಲದ ಮೇಲಿರಲಿಲ್ಲ.

ಕಲ್ಲನ್ನು ಮನೆ ಮುಂದಿನ ಕಟ್ಟೆಯ ಮೇಲಿಟ್ಟು, ಪೇಢೆ ತರಲು ಕಾಗವಾಡಕ್ಕೆ ಹೋದರು. ಮರಳಿ ಬಂದಾಗ ಕಟ್ಟೆ ಖಾಲಿ.

ಚಿಕ್ಕಮ್ಮ ಕುಸುಮಕಾಕು ಜೋಳ ಹಸನು ಮಾಡುತ್ತ ಕುಳಿತಿದ್ದರು. ಕಾಳಿನಲ್ಲಿ ಸಿಕ್ಕ ಹುಳವನ್ನೂ ಕೊಲ್ಲದೆ, ಯಾರೂ ತುಳಿಯದ ನೆರಳಲ್ಲಿ ಬಿಡುವುದು ಆ ಜೈನ ಮನೆಯ ಪದ್ಧತಿ.

"ಕಾಕು, ನನ್ನ ಕಲ್ಲ ಎಲ್ಲೈತಿ?"

"ಅದರಾಗ ಒಂದು ಜೀವ ಸಿಕ್ಕೊಂಡಿತ್ತೋ ತಮ್ಮಾ! ಬಿಡಸಾಕ ನೋಡಿದೆ, ಬರಲಿಲ್ಲ. ನೆರಳಿಗಿ ಬಿಟ್ಟು ಬಾ ಅಂತ ದಸ್ತಗೀರನ ಕೈಯಾಗ ಕೊಟ್ಟೆ."

"ಅದು ಸತ್ತು ಕೋಟಿ ವರ್ಷ ಆತು!"

"ಆದ್ರೇನಾತು? ಇನ್ನೂ ಬಿಸಲಾಗ ಇಡಬೇಕೇನು?"

ಅಷ್ಟರಲ್ಲಿ ಪ್ರೊಫೆಸರರ ಕಾರು ಬಂದೇಬಿಟ್ಟಿತು. ಇಬ್ಬರೂ ನೆರೆಮನೆಯ ದಸ್ತಗೀರನನ್ನು ಹುಡುಕಿಕೊಂಡು ಓಡಿದರು. ಲಾರಿ ಓಡಿಸುವ ದಸ್ತಗೀರ ಊರಂಚಿನಲ್ಲಿ ಕಟ್ಟಿಸುತ್ತಿದ್ದ ಹೊಸ ಮನೆಯ ಮುಂದೆ, ಮೈಯೆಲ್ಲ ಸಿಮೆಂಟು ಮಾಡಿಕೊಂಡು ನಿಂತಿದ್ದ.

"ಕಾಳಜಿ ಬ್ಯಾಡ್ರಿ ಸರ. ಕಾಕು ಹೇಳಿದಂಗ ಮಾಡೇನಿ. ಅಲ್ಲಿ ಬಿಸಲ ಬೀಳೂದಿಲ್ಲ, ಯಾರೂ ತುಳಿಯೂದಿಲ್ಲ."

"ಎಲ್ಲಿ ಇಟ್ಟೀಯಪಾ?"

"ಪಾಯದಾಗ್ರಿ. ಮ್ಯಾಲ ಕಾಂಕ್ರೀಟ್ ಹಾಕೇವಿ."

ಪ್ರೊಫೆಸರರು ಉಸುಕಿನ ಗುಡ್ಡೆಯ ಮೇಲೆ ಕುಳಿತುಬಿಟ್ಟರು. "ಜತನ ಇರತೈತಿ, ಅದರಾಗ ಸಂಶಯ ಇಲ್ಲ" ಎಂದರು.

ವಿಷಯ ತಿಳಿದದ್ದೇ ದಸ್ತಗೀರನ ಮುಖ ಸಣ್ಣದಾಯಿತು. ಹಾರೆ ಎತ್ತಿಕೊಂಡ. "ತಪ್ಪಾತ್ರಿ ಸರ. ನೀವು ಓದಿಸಿದ್ದಕ್ಕ ನನ್ನ ಮಗಳು ಫರಹೀನ ನೌಕರಿ ಹಿಡದಾಳ, ಅದಕ್ಕ ಈ ಮನಿ ಏಳಾಕತ್ತೈತಿ. ಹೂಂ ಅನ್ರಿ, ಈಗ ಒಡೀತೇನಿ."

'ಹೂಂ' ಎನ್ನಲು ಮಾಸ್ತರರು ಬಾಯಿ ತೆರೆದರು. ಆಗ ಇಟ್ಟಿಗೆ ರಾಶಿಗೆ ಒರಗಿಸಿಟ್ಟ ಕಲ್ಲಿನ ಫಲಕ ಕಣ್ಣಿಗೆ ಬಿತ್ತು. ಬಾಗಿಲ ಮೇಲೆ ಕೂರಿಸಲು ಕೆತ್ತಿಸಿ ತಂದದ್ದು: 'ಶ್ರೇಣಿಕ ಮಂಜಿಲ್'.

ಅವರ ಕಣ್ಣು ತುಂಬಿ ಬಂದವು. "ಹಾರಿ ಕೆಳಗ ಇಡೋ" ಎಂದು ಎಲ್ಲರಿಗೂ ಪೇಢೆ ಹಂಚಿದರು.

ಚಿಟ್ಟೆಯ ಮೇಲೆ ಮಾಸ್ತರರ ಹೆಸರಿನ ಫಲಕ ಬರುವುದಂತೂ ಖಾತ್ರಿಯಾಯಿತು. ನಡುವೆ ಒಂದು ಮನೆ ಇರುತ್ತದೆ, ಅಷ್ಟೆ.