ಎರಡು ನೀರಿನ ಗೋಧಿ

ನಾನು ಮನೆಯಲ್ಲಿ ಕೂತರೆ ಯಾರಿಗೂ ತೊಂದರೆಯಿಲ್ಲ. ಹೊಲಕ್ಕೆ ಕಾಲಿಟ್ಟರೆ ಸಾಕು, ನಗುವಂಥದ್ದೇನಾದರೂ ಆಗಿಯೇ ತೀರುತ್ತದೆ. ಜಮಖಂಡಿಯ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತನಾದವನು ನಾನು. ಹೋದ ಹಿಂಗಾರಿನದನ್ನೇ ಕೇಳಿ.

೧. ಪಂಥ

ಚಿಮ್ಮಡದಲ್ಲಿ ನಮ್ಮದು ಎರಡೆಕರೆ, ಒಂದು ಬಡಕಲು ಬಾವಿ. ಐದಾರು ಸಲ ನೀರು ಹಾಯಿಸುವ ಬದಲು ಕಡಿಮೆ ನೀರಿಗೇ ಬರುವ ಗೋಧಿ ತಳಿ ತಂದು, "ಎರಡ ನೀರಿನ್ಯಾಗ ಬೆಳದು ತೋರಸ್ತೇನಿ" ಅಂದೆ.

"ಬರಲಿಲ್ಲಂದ್ರ?" ಹೆಂಡತಿ ಕೇಳಿದಳು. ಅವಳದು ಕಬ್ಬಿನ ಮನೆತನ.

"ಹೊಲ ನಿನ್ನ ತಮ್ಮಗ ಬಿಡ್ತೇನಿ. ಕಬ್ಬು ಹಚ್ಚಲಿ."

ಪಕ್ಕದ ಹೊಲದವನೇ ಆ ತಮ್ಮ, ನನ್ನ ಮೈದುನ. ಮರುದಿನ ನೋಡಿದರೆ ನನ್ನ ಹೊಲದಲ್ಲಿ ಹೆಜ್ಜೆ ಎಣಿಸುತ್ತಿದ್ದ.

"ಏನ್ ಮಾಡಾಕತ್ತೀಯೋ?"

"ಏನಿಲ್ರಿ ಮಾಮಾ, ಕಬ್ಬಿನ ಸಾಲು ಎಷ್ಟು ಹಿಡೀತಾವ ನೋಡಾಕತ್ತೇನಿ."

೨. ಇಪ್ಪತ್ತೊಂದನೇ ದಿನ

ಗೋಧಿಗೆ ಮೊದಲ ನೀರು ಇಪ್ಪತ್ತೊಂದನೇ ದಿನ ಕೊಡಬೇಕು. ನೀರು ಬಿಟ್ಟು ಬದುವಿನ ಮೇಲೆ ನಿಂತಿದ್ದೆ. ರಬಕವಿಯಿಂದ ಬಂದಿದ್ದ ನೇಕಾರ ಗೆಳೆಯ, "ಇಪ್ಪತ್ತೊಂದ ಯಾಕ್ರಿ ಸರ?" ಎಂದ. ಅಷ್ಟು ಸಾಕಾಯಿತು ನನಗೆ. ಪಾಠ ಬೇರಿನಿಂದ ಶುರು ಮಾಡಿ ತೆನೆಗೆ ಬರುವಷ್ಟರಲ್ಲಿ ಕೊನೆಯ ಮಡಿ ತುಂಬಿ, ಬದು ಒಡೆದು, ನೀರು ಮೈದುನನ ಕಬ್ಬಿಗೆ ಹರಿಯುತ್ತಿತ್ತು. ಅವನು ಗೆಳೆಯನ ಹತ್ತಿರ ಬಂದು ಮೆಲ್ಲಗೆ ಹೇಳಿದ:

"ಇನ್ನೊಂದು ಪ್ರಶ್ನೆ ಕೇಳ್ರಿ ಅಣ್ಣಾರ, ನಂದು ಆಚೀ ಮಡಿ ಇನ್ನೂ ಒಣಗೇತಿ."

೩. ಮಲಗಿದ್ದು, ನಿಂತದ್ದು

ಹೂ ಬಿಡುವಾಗ ಎರಡನೇ ನೀರು ಕೊಟ್ಟೆ. ಬಾವಿಯ ತಳ ಕಂಡಿತು. ಕಾಳು ತುಂಬುವ ಹೊತ್ತಿಗೆ ಮುಧೋಳದ ಮದುವೆಯೊಂದಕ್ಕೆ ಹೋಗಿ ಮೂರು ದಿನ ಇದ್ದುಬಂದೆ. ಬಂದು ನೋಡಿದರೆ ಗಾಳಿಗೆ ಅರ್ಧ ಹೊಲ ನೆಲಕ್ಕೆ ಮಲಗಿದೆ, ಇನ್ನರ್ಧ ನೆಟ್ಟಗೆ ನಿಂತಿದೆ. ಮಲಗಿದ ಕಡೆ ಕಾಲಿಟ್ಟರೆ ಕೆಸರು; ನೆನೆದ ನೆಲ ಬುಡ ಹಿಡಿದಿರಲಿಲ್ಲ.

"ಕೆಸರು ಎಲ್ಲಿಂದ ಬಂತೋ?"

ಮೈದುನ ತಲೆ ಕೆರೆದುಕೊಂಡ. "ನನ್ನ ಬೋರಿಂದ್ರಿ. ಅಕ್ಕ ಬಿಡು ಅಂದ್ಳು."

ನನ್ನೆದುರು ಪಂಥ ಕಟ್ಟಿದವಳೇ ನೀರು ಬಿಡಿಸಿದ್ದಳು. ಬದುವಿನ ಮೇಲೆ ನಿಂತಿದ್ದ ಅವಳ ಕಡೆ ತಿರುಗಿದೆ.

"ನೀವು ಸೋತ್ರ ಆ ಮಾತು ವರ್ಷಾನಗಟ್ಟಲೆ ಕೇಳಾಕ ಮನ್ಯಾಗ ಇರಾಕಿ ನಾನ ಅಲ್ಲೇನ್ರಿ?" ಎಂದಳು.

"ಮತ್ತ ಇನ್ನರ್ಧಕ್ಕ ಯಾಕ ಬಿಡಲಿಲ್ಲ?"

"ಕರೆಂಟ್ ಹೋತ್ರಿ ಮಾಮಾ," ಎಂದ ಮೈದುನ. "ಇಲ್ಲಂದ್ರ ಪೂರಾ ಮಲಗಸ್ತಿದ್ದೆ."

ಸುಗ್ಗಿಯಲ್ಲಿ, ಕರೆಂಟು ಹೋಗಿ ಉಳಿಸಿಕೊಟ್ಟ ಆ ಅರ್ಧದ ಗುಂಡನೆಯ ಕಾಳು ಕೈಯಲ್ಲಿ ಹಿಡಿದು ಹೆಂಡತಿ ತಾನು ಸೋತೆನೆಂದಳು. ಹೊಲ ನನ್ನಲ್ಲೇ ಉಳಿಯಿತು. ಮೈದುನನೂ ಬೀಜಕ್ಕೊಂದು ಚೀಲ ಕೇಳಿದ.

"ಎಷ್ಟು ನೀರು ಕೊಡ್ತಿ, ಹೇಳು ನೋಡೂಣು."

"ಎರಡ ರಿ, ನೀವು ಹೇಳಿದಂಗ." ಅಕ್ಕನ ಕಡೆ ಒಮ್ಮೆ ನೋಡಿದ. "ಆಕಿ ತವರಮನಿಗೆ ಬರಲಿಲ್ಲಂದ್ರ."