ನದಿಗೆ ಎರಡೂ ಕೈ ಮುಗಿದ ಜವಾನ

ಪೊಲೀಸರ ಸಂಘದ ಕೆಲಸಕ್ಕೆ ಕೂತವನ ಹತ್ತಿರ ಒಳ್ಳೆಯ ಸುದ್ದಿ ತೆಗೆದುಕೊಂಡು ಯಾರೂ ಬರುವುದಿಲ್ಲ. ಸಸ್ಪೆಂಡ್ ಆದವರು ಬರುತ್ತಾರೆ, ಬಂದೋಬಸ್ತಿನಲ್ಲಿ ಕಾಲು ಮುರಿದುಕೊಂಡವರು ಬರುತ್ತಾರೆ, ಗಂಡನನ್ನು ಕಳೆದುಕೊಂಡ ಹೆಣ್ಣುಮಕ್ಕಳು ಬರುತ್ತಾರೆ. ಅವರು ಕಣ್ಣೊರೆಸಿಕೊಳ್ಳುತ್ತ ಹೇಳುವ ಕಥೆ ಅರ್ಧಕ್ಕೆ ಬರುವಷ್ಟರಲ್ಲಿ ಎಲ್ಲೋ ಒಂದು ಕಡೆ ನನಗೆ ನಗು ಒತ್ತರಿಸಿಕೊಂಡು ಬರುತ್ತದೆ. ಗೋಡೆಯ ಮೇಲಿನ ರಾಯರ ಪಟದ ಕಡೆ ತಿರುಗಿ ತಡೆದುಕೊಳ್ಳುತ್ತೇನೆ. ದೇವರು ನಮ್ಮ ಖಾತೆಯವರಿಗೆ ದುಃಖವನ್ನು ಬರಿದೇ ಕಳಿಸುವುದಿಲ್ಲ, ಜೊತೆಗೊಂದು ಫಜೀತಿ ಕಟ್ಟಿಯೇ ಕಳಿಸುತ್ತಾನೆ.

ನಾನು ತೆಲುಗು ರಾಜ್ಯದ ಗಡಿಯೊಳಗಿದ್ದೂ ಕನ್ನಡ ಮಾತಾಡುವ ನಾರಾಯಣಪೇಟೆಯವನು. ಅಪ್ಪ ಗುಡಿಯ ಪೂಜೆ ಮಾಡುತ್ತಿದ್ದರು, ನಾನು ಖಾಕಿ ತೊಟ್ಟೆ. ಆದರೂ ಠಾಣೆಯಲ್ಲಿ ಎಲ್ಲರೂ ನನ್ನನ್ನು ‘ಆಚಾರ್ರೇ’ ಎಂದೇ ಕರೆದರು. ಈಗ ನಿವೃತ್ತಿ. ಇಲ್ಲಿ ಹೇಳುವುದು ನಾನು ಎಎಸ್‌ಐ ಆಗಿ, ಸಂಘದ ಜಿಲ್ಲಾ ಕಾರ್ಯದರ್ಶಿಯೂ ಆಗಿದ್ದಾಗಿನ ಮಾತು.

೧. ಬೇಡಿ ಇಲ್ಲದ ಪ್ರಯಾಣ

ಮಕ್ತಲ್ ಕಡೆಯ ಒಬ್ಬ ಜವಾನ, ಠಾಣೆಯ ಸಾದಾ ಕಾನ್‌ಸ್ಟೇಬಲ್. ಕುರುಬರ ಮನೆತನ, ಬೀರಪ್ಪನ ಒಕ್ಕಲು. ಹೊಲದ ಬಾವಿಗಳಿಂದ ಕರೆಂಟ್ ಮೋಟಾರು ಬಿಚ್ಚಿಕೊಂಡು ಹೋಗುವ ಒಬ್ಬ ಕಳ್ಳನನ್ನು ಗದ್ವಾಲಿನ ಕೋರ್ಟಿಗೆ ಪೇಶಿಗೆ ಹಾಜರುಪಡಿಸಲು ಕರೆದುಕೊಂಡು ಹೋಗುವ ಕೆಲಸ ಅವನಿಗೆ ಬಿತ್ತು. ಜೊತೆಗೆ ಇನ್ನೊಬ್ಬ ಜವಾನ ಇರಬೇಕೆಂದು ನಿಯಮ. ಆ ಇನ್ನೊಬ್ಬನನ್ನು ಮಂತ್ರಿಗಳ ಬಂದೋಬಸ್ತಿಗೆ ಎಳೆದುಕೊಂಡಿದ್ದರು. ಜೀಪೂ ಅಲ್ಲಿಗೇ ಹೋಗಿತ್ತು. ಬೇಡಿ ಹಾಕಬೇಕೆಂದರೆ ಕೋರ್ಟಿನ ಅಪ್ಪಣೆ ಬೇಕು, ಅದೂ ಇರಲಿಲ್ಲ. ಹೀಗಾಗಿ ಕಳ್ಳನ ಮುಂಗೈಯನ್ನು ತನ್ನ ಕೈಯಿಂದ ಭದ್ರವಾಗಿ ಹಿಡಿದುಕೊಂಡು ಮಕ್ತಲಿನಲ್ಲಿ ಗದ್ವಾಲ್ ಬಸ್ಸು ಹತ್ತಿದ.

ದಾರಿಯಲ್ಲಿ ಜೂರಾಲ ಡ್ಯಾಮಿನ ಸೇತುವೆ. ಕೃಷ್ಣೆ ಕಂಡಳೆಂದರೆ ನಮ್ಮ ಕಡೆಯ ಬಸ್ಸಿನಲ್ಲಿ ಮಾತು ನಿಲ್ಲುತ್ತದೆ, ಎಲ್ಲರ ಎರಡೂ ಕೈಗಳು ತಾವಾಗಿಯೇ ಮೇಲೇಳುತ್ತವೆ. ಒಂದೇ ಕೈ ಎತ್ತಿದರೆ ಅದು ಸಲಾಮು ಆದೀತು, ನಮಸ್ಕಾರ ಆಗುವುದಿಲ್ಲ. ನಮ್ಮ ಜವಾನನೂ ಎರಡೂ ಕೈ ಮುಗಿದ. ಕಣ್ಣೂ ಮುಚ್ಚಿದ. ಉಳಿದವರಿಗಿಂತ ತುಸು ಹೆಚ್ಚು ಹೊತ್ತೇ ಮುಚ್ಚಿದ, ಏಕೆಂದರೆ ಅವನಿಗೆ ತಾಯಿಯ ಹತ್ತಿರ ಬೇಡುವುದಿತ್ತು. ಅವನ ಹೆಂಡತಿಯ ಎರಡೂ ಕಿಡ್ನಿ ಕೆಟ್ಟಿದ್ದವು. ಪೊಲೀಸರ ಆರೋಗ್ಯ ಕಾರ್ಡಿನ ಮೇಲೆ ರಾಜಧಾನಿಯ, ನಮ್ಮ ಬಾಯಲ್ಲಿ ಪಟ್ನದ, ದವಾಖಾನೆಯಲ್ಲಿ ವಾರವಾರವೂ ಆಕೆಯ ರಕ್ತವನ್ನು ಮೆಷಿನ್ನಿಗೆ ಹಾಕಿ ತೊಳೆಸಬೇಕಿತ್ತು.

ಕಣ್ಣು ತೆರೆದಾಗ ಬಸ್ಸು ಸೇತುವೆಯ ಆಚೆ, ಮೀನು ಕರಿಯುವ ಅಂಗಡಿಗಳ ಮುಂದೆ ನಿಂತಿತ್ತು. ಪಕ್ಕದ ಸೀಟು ಖಾಲಿ.

“ಎಲ್ಲಿ ಹೋದ್ನೋ ಅಂವ?” ಎಂದು ಜವಾನ ಚೀರಿದ.

“ಇಳಿದು ಹೋದ್ನಲ್ರೀ,” ಎಂದ ಕಂಡಕ್ಟರ್.

“ಹಿಡಿಯಾಕ ಏನಾಗಿತ್ತು ನಿನಗ?”

“ನಾನೂ ಕೈ ಮುಗಿದಿದ್ನಲ್ರೀ. ಹಂಗ ಅನಬ್ಯಾಡ್ರಿ, ಪಾಪ, ಅಂವನೂ ತಾಯಿಗೆ ಕೈ ಮುಗಿದೇ ಇಳಿದಾನ್ರಿ.”

೨. ಕೆಲಸವಿಲ್ಲದವನ ರಜೆ

ಜವಾನ ಅವತ್ತೇ ಸಸ್ಪೆಂಡ್ ಆದ. ಮರುದಿನ ನನ್ನ ಮನೆಯ ಕಟ್ಟೆಯ ಮೇಲೆ ಬಂದು ಕೂತ.

“ಆಚಾರ್ರೇ, ನೌಕರಿ ಹೋದ್ರ ಹೋಗಲ್ರಿ. ಕುರಿ ಕಾಯ್ತೀನಿ. ಆದ್ರ ನೌಕರಿ ಜೊತಿಗೆ ಕಾರ್ಡೂ ಹೋಗ್ತೈತಂತ. ಕಾರ್ಡ್ ಹೋದ್ರ ಮೆಷಿನ್ನಿಗೆ ಯಾರು ಹಾಕ್ತಾರ್ರಿ ಆಕಿನ್ನ?”

ಅವನ ಅಂಗೈಗೆ ರಾಯರ ಮಂತ್ರಾಕ್ಷತೆ ಹಾಕಿದೆ. ಅವನು ಅದನ್ನು ಎರಡೂ ಕೈಯಲ್ಲಿ ಹಿಡಿಯಲು ಹೋಗಿ, ಗಾಬರಿಯಿಂದ ಒಂದು ಕೈ ಹಿಂದಕ್ಕೆ ತೆಗೆದುಕೊಂಡ.

ಸಸ್ಪೆಂಡ್ ಆದವನಿಗೂ ಒಂದು ಕೆಲಸ ಉಂಟು. ದಿನಾಲೂ ಜಿಲ್ಲಾ ಕಚೇರಿಗೆ ಬಂದು ಸಹಿ ಮಾಡಬೇಕು, ಅಪ್ಪಣೆಯಿಲ್ಲದೆ ಊರು ಬಿಡಬಾರದು. ಹೆಂಡತಿಯನ್ನು ಪಟ್ನಕ್ಕೆ ಕರೆದೊಯ್ಯಲು ರಜೆ ಕೇಳಬೇಕಾಯಿತು. ನಾನೂ ಜೊತೆಗೆ ಹೋದೆ. ಅಲ್ಲಿಯ ಹಳೆಯ ಗುಮಾಸ್ತರು ತಲೆ ಎತ್ತದೆ ಎಲ್ಲರಿಗೂ ಒಂದೇ ಧಾಟಿಯಲ್ಲಿ ಪ್ರಶ್ನೆ ಕೇಳುವವರು.

“ಎದಕ್ಕ ರಜಾ?”

“ಮನ್ಯಾಕಿಗೆ ಆರಾಮಿಲ್ರಿ.”

“ಈಗ ಡ್ಯೂಟಿ ಏನು?”

“ಸಸ್ಪೆನ್ಷನ್ದಾಗ ಇದೀನ್ರಿ.”

ಗುಮಾಸ್ತರು ಪೆನ್ನು ಕೆಳಗಿಟ್ಟು ಕನ್ನಡಕದ ಮೇಲಿಂದ ನೋಡಿದರು. “ನೀ ರಜಾ ಮ್ಯಾಲೆ ಹೋದ್ರ, ನಿನ್ನ ಜಾಗಾದಾಗ ಸಸ್ಪೆನ್ಷನ್ ಯಾರು ಮಾಡ್ತಾರ?”

೩. ಬದುಕಿರುವವರ ಬಾಬತ್ತು

ಅದೇ ವಾರ ನಾರಾಯಣಪೇಟೆಯಲ್ಲಿ ಸಂಘದ ಸಭೆ. ಅಧ್ಯಕ್ಷರು ಒಳ್ಳೆಯ ಮನುಷ್ಯರು, ಮಾತೂ ಗಟ್ಟಿ. ಸದಸ್ಯರಿಗೆ ಸಂಘ ದೊರಕಿಸಿಕೊಟ್ಟ ಸೌಲಭ್ಯಗಳನ್ನು ಎದೆಯುಬ್ಬಿಸಿ ಹೇಳುತ್ತಾ ಹೋದರು. ಡ್ಯೂಟಿಯ ಮೇಲೆ ಸತ್ತರೆ ಮನೆಯವರಿಗೆ ಪರಿಹಾರ. ಹೆಂಡತಿಗೆ ಪಿಂಚಣಿ. ಮಕ್ಕಳಲ್ಲಿ ಒಬ್ಬರಿಗೆ ನೌಕರಿ. ಮಣ್ಣಿನ ಖರ್ಚು ಅವತ್ತಿಂದವತ್ತೇ ಕೈಗೆ. ಶವದ ಮೇಲೆ ಬಾವುಟ. ಆಕಾಶಕ್ಕೆ ಗುಂಡು. ಎಲ್ಲರೂ ಚಪ್ಪಾಳೆ ಹೊಡೆದರು.

ಹಿಂದಿನ ಸಾಲಿನಿಂದ ನಮ್ಮ ಜವಾನ ಮೆಲ್ಲಗೆ ಎದ್ದು ನಿಂತ. “ಅಧ್ಯಕ್ಷರೇ, ಜೀವಂತ ಇರೋರಿಗೆ ಏನೈತ್ರಿ?”

ಅಧ್ಯಕ್ಷರು ನನ್ನ ಮುಖ ನೋಡಿದರು. ನಾನು ಎದ್ದು ವಿವರಿಸಿದೆ: ಆರೋಪ ಹೊತ್ತವನು ವಿಚಾರಣೆಯಲ್ಲಿ ಒಬ್ಬನೇ ನಿಲ್ಲಬೇಕಿಲ್ಲ, ಇಲಾಖೆಯ ಇನ್ನೊಬ್ಬನನ್ನು ತನ್ನ ಪರ ಮಾತಾಡಲು ಕರೆದುಕೊಳ್ಳುವ ಹಕ್ಕು ಅವನಿಗುಂಟು. ಎಲ್ಲರಿಗೂ ಸಮಾಧಾನವಾಯಿತು. ಯಾರು ನಿಲ್ಲಬೇಕೆಂಬ ಮಾತು ಬಂದಾಗ ಎಲ್ಲರೂ ನನ್ನ ಹೆಸರನ್ನೇ ಕೂಗಿದರು. ನಾನು ಸುಳ್ಳು ಹೇಳುವವನಲ್ಲ, ನನ್ನ ಮಾತಿಗೆ ತೂಕವಿದೆ ಎಂದು ಹೊಗಳಿದರು. ಜವಾನನ ಮುಖ ಮಾತ್ರ ಬಾಡಿತು.

ಹೊರಗೆ ಬಂದಮೇಲೆ ಚಹಾ ಕುಡಿಯುತ್ತ ಕೇಳಿದೆ, “ಯಾಕಪ್ಪಾ ತಮ್ಮಾ, ನಾ ನಿಂತದ್ದು ಖುಷಿ ಆಗಲಿಲ್ಲೇನು?”

“ಹಂಗಲ್ರಿ ಆಚಾರ್ರೇ. ನೀವು ದೇವರಂಥೋರು. ಆದ್ರ ಕೈ ಬಿಟ್ಟೀಯೋ ಇಲ್ಲೋ ಅಂತ ಅವರು ಕೇಳಿದ್ರ, ಬಿಟ್ಟಾನ ಅಂತ ನೀವೇ ಮೊದಲು ಹೇಳ್ತೀರಲ್ರಿ!”

೪. ಗುರುತಿನ ಪುರಾವೆ

ರಜೆ ಹೇಗೋ ಸಿಕ್ಕಿತು. ಜವಾನ ಮತ್ತು ಅವನ ಹೆಂಡತಿಯ ಜೊತೆ ನಾನೂ ಪಟ್ನಕ್ಕೆ ಹೋದೆ. ದವಾಖಾನೆಯ ಹೆಸರು ಬೇಡ. ಅವತ್ತು ಏಕಾದಶಿ, ನನಗೆ ಉಪವಾಸ. ಆಕೆಗೂ ನೀರು ಹೆಚ್ಚು ಕುಡಿಯುವಂತಿರಲಿಲ್ಲ. “ಆಚಾರ್ರೇ, ನಿಮ್ಮದು ಹದಿನೈದು ದಿನಕ್ಕೊಮ್ಮೆ, ನಂದು ದಿನಾ ಏಕಾದಶಿ ನೋಡ್ರಿ,” ಎಂದು ಬಸ್ಸಿನಲ್ಲಿ ನಕ್ಕಳು. ಊದಿದ ಮುಖದ ಮೇಲೆ ಆ ನಗು ನೋಡಲಾರದೆ ನಾನು ಕಿಟಕಿಯ ಹೊರಗೆ ನೋಡಿದೆ. ಗಂಡನಿಗೆ ಆಕೆ ಒಂದೇ ಮಾತು ಹೇಳಿದಳು: “ಇನ್ನ ಮ್ಯಾಲೆ ಬ್ರಿಜ್ಜಿನ ಮ್ಯಾಲೆ ನೀ ಕೈ ಮುಗಿಬ್ಯಾಡ. ನಿನ್ನ ಪಾಲಿಂದೂ ನಾನೇ ಮುಗಿತೀನಿ.” ಆಕೆಯ ಒಂದು ಕೈಯಲ್ಲಿ ಸೂಜಿ ಚುಚ್ಚಿಚುಚ್ಚಿ ರಕ್ತನಾಳ ಹಗ್ಗದಂತೆ ಎದ್ದಿತ್ತು.

ದವಾಖಾನೆಯ ಕಿಟಕಿಯಲ್ಲಿ ಕೂತಿದ್ದ ಹುಡುಗಿ ಕಾರ್ಡನ್ನೂ ನೋಡಿದಳು, ಹಳೆಯ ಲುಂಗಿ ಉಟ್ಟು ಗಡ್ಡ ಬಿಟ್ಟಿದ್ದ ಗಂಡನನ್ನೂ ನೋಡಿದಳು. ಹಿಂದಿನ ಸಲವೆಲ್ಲ ಅವನು ಖಾಕಿಯಲ್ಲೇ ಬಂದಿದ್ದ. ಈಗ ಖಾಕಿ ಹಾಕುವಂತಿಲ್ಲ, ಗುರುತಿನ ಚೀಟಿಯನ್ನೂ ಇಲಾಖೆ ವಾಪಸು ಪಡೆದಿತ್ತು.

“ಇವರು ಪೊಲೀಸ್ ಅಂತ ಹೆಂಗ ನಂಬಬೇಕು?” ಎಂದಳು.

ನಾನು ನನ್ನ ಗುರುತು ತೋರಿಸಿದೆ, ಸಂಘದ ಮಾತು ಹೇಳಿದೆ. ಅವಳು ತಲೆ ಅಲ್ಲಾಡಿಸುತ್ತಲೇ ಇದ್ದಳು. ಆಗ ಗಾಲಿಕುರ್ಚಿಯಲ್ಲಿ ಒರಗಿದ್ದ ಆಕೆ ಕಣ್ಣು ತೆರೆದಳು.

“ಅಲ್ಲಿ ನೋಡವ್ವಾ. ಇಷ್ಟು ಕುರ್ಚಿ ಖಾಲಿ ಅದಾವು. ಬಂದಾಗಿಂದ ಗ್ವಾಡಿಗೆ ನಿಂತಾನ. ಯಾರರ ಕೂಡು ಅನ್ನೂತನಾ ಕೂಡೂದಿಲ್ಲ. ಪೊಲೀಸ್ ಅನ್ನಾಕ ಇನ್ನೇನ್ ಬೇಕು ನಿನಗ?”

೫. ಸಾಕ್ಷಿಗಳು

ವಿಚಾರಣೆಗೆ ಬಂದ ಡಿಎಸ್ಪಿ ಸಾಹೇಬರು ಗೋದಾವರಿ ದಂಡೆಯ ಕಡೆಯವರು. ಅವರ ಮಾತು ತೆಲುಗು, ನಾನು ನಮ್ಮ ಮಾತಿನಲ್ಲೇ ಹೇಳುತ್ತೇನೆ. ನ್ಯಾಯವಂತರು, ಆದರೆ ನಗು ಎಂಬುದು ಆ ಮುಖಕ್ಕೆ ಬದಲಿ ಡ್ಯೂಟಿಗೂ ಬಂದಿದ್ದಿಲ್ಲ.

ನಾನು ರಾಯರನ್ನು ನೆನೆದು ಎದ್ದೆ. ಇಬ್ಬರನ್ನು ಕಳಿಸಬೇಕಿತ್ತು, ಒಬ್ಬನನ್ನೇ ಕಳಿಸಿದರು. ಬೇಡಿಗೆ ಅಪ್ಪಣೆ ಇರಲಿಲ್ಲ. ಜೀಪು ಕೊಡಲಿಲ್ಲ. ಇದೆಲ್ಲವನ್ನೂ ಸಾಹೇಬರು ಒಪ್ಪಿಕೊಂಡರು.

“ಸರಿ ಆಚಾರ್ರೇ. ಇನ್ನೊಬ್ಬ ಜವಾನ ಬಂದೋಬಸ್ತಿಗೆ ಹೋಗಿದ್ದ. ಜೀಪೂ ಬಂದೋಬಸ್ತಿಗೆ ಹೋಗಿತ್ತು. ಈತನ ಕೈ ಎಲ್ಲಿಗೆ ಹೋಗಿತ್ತು?”

ನಾನು ಕೂತೆ.

ಕಂಡಕ್ಟರನನ್ನು ಕರೆದರು. ಸೇತುವೆಯ ಮೇಲೆ ಎಲ್ಲರೂ ಕೈ ಮುಗಿದರೆಂದು ಅವನು ಹೇಳಿದ. “ಡ್ರೈವರೂ ಮುಗಿದ್ನೇನು?” “ಹೌದ್ರಿ.” “ಹಂಗಾದ್ರ ಬಸ್ಸು ಯಾರು ನಡಸ್ತಿದ್ರು?” “ಅಷ್ಟು ದೂರ ತಾಯೀನೇ ನಡಸ್ತಾಳ್ರಿ,” ಎಂದು ಕಂಡಕ್ಟರ್ ಹೇಳಿದ. ಸಾಹೇಬರು ಇದನ್ನು ಬರೆಸಬೇಕೋ ಬೇಡವೋ ಎಂದು ಬಹಳ ಹೊತ್ತು ಯೋಚಿಸಿದರು.

ಅಷ್ಟರಲ್ಲಿ ಉಂಡವಳ್ಳಿಯ ಹತ್ತಿರ ಒಂದು ಹತ್ತಿ ಹೊಲದಲ್ಲಿ, ಬಿಚ್ಚಿದ ಮೋಟಾರಿನ ಪಕ್ಕದಲ್ಲೇ ಸಿಕ್ಕಿಬಿದ್ದಿದ್ದ ಕಳ್ಳನನ್ನೂ ಸಾಕ್ಷಿಗೆ ಕರೆಸಿದರು. ಜವಾನನ ಬದುಕು ಈಗ ಅವನ ನಾಲಿಗೆಯ ಮೇಲಿತ್ತು. ಬೇಕೆಂದೇ ಬಿಟ್ಟ ಎಂದುಬಿಟ್ಟರೆ ನೌಕರಿಯೂ ಹೋಯಿತು, ಕಾರ್ಡೂ ಹೋಯಿತು.

“ಯಾಕ ಓಡಿದಿ?” ಸಾಹೇಬರು ಕೇಳಿದರು.

“ಓಡಲಿಲ್ಲ ಸಾಹೇಬ್ರೇ, ನಡಕೊಂತ ಹೋದೆ,” ಎಂದ ಕಳ್ಳ ಬಹಳ ವಿನಯದಿಂದ. “ಈ ಯಪ್ಪಾ ನನ್ನ ಕೈ ಬಿಟ್ರು. ಬಿಟ್ಟು, ಎರಡೂ ಕೈ ಜೋಡಿಸಿ, ಕಣ್ಣು ಮುಚ್ಚಿ, ಕಣ್ಣಾಗ ನೀರು ಬ್ಯಾರೆ. ನಾ ಕಿಟಕಿ ಕಡೆ ಕೂತಿದ್ದೆ. ಪೊಲೀಸ್ರು ಹಂಗ ಎದುರಿಗೆ ಕೈ ಮುಗಿದು ಬೇಡಿಕೊಂಡ್ರ ನಾನರ ಹೆಂಗ ಕೂಡಲಿ? ನನಗೂ ಹೊಟ್ಟ್ಯಾಗ ಕರುಳು ಐತಿ. ಎದ್ದು ಹೋದೆ.”

೬. ಸೇತುವೆಯ ಮೇಲೆ ಸಾಹೇಬರು

“ಡ್ಯೂಟಿ ಮ್ಯಾಲೆ ಇರೋನಿಗೆ ನದಿ ಕಾಣಬಾರದು,” ಎಂದರು ಸಾಹೇಬರು. “ಹಿಡಿದ ಕೈ ತಾನಾಗಿ ಹೆಂಗ ಬಿಡ್ತೈತಿ, ಆ ಜಾಗಾಕ ಹೋಗಿ ನಾನೇ ನೋಡ್ತೀನಿ.”

ಮಕ್ತಲಿನಿಂದ ಜೀಪಿನಲ್ಲಿ ಹೊರಟೆವು. ಹಿಂದಿನ ಸೀಟಿನಲ್ಲಿ ನಡುವೆ ನಾನು. ಕಳ್ಳನ ಪಾತ್ರ ನನ್ನದು. ನನ್ನ ಬಲಗಡೆ ಸಾಹೇಬರು, ಎಡಗಡೆ ಜವಾನ. ಸಾಹೇಬರು ನನ್ನ ಮುಂಗೈಯನ್ನು ಹಿಡಿದ ಬಿಗಿಗೆ ಬೆರಳು ಜುಮ್ಮೆಂದಿತು. ಅವರು ಏನು ಬರೆಯುತ್ತಾರೋ ಅದರ ಮೇಲೆ ಒಂದು ಜೀವ ನಿಂತಿದೆ ಎಂಬುದು ಡ್ರೈವರಿಗೂ ಗೊತ್ತಿತ್ತು.

ಮಳೆಗಾಲ. ಡ್ಯಾಮಿನ ಗೇಟುಗಳನ್ನೆಲ್ಲ ಎತ್ತಿದ್ದರು. ಸೇತುವೆಗೆ ಬಂದೊಡನೆ ನೀರಿನ ಸಪ್ಪಳ ಎದೆಗೆ ಬಡಿಯಿತು, ತುಂತುರು ಜೀಪಿನ ಒಳಗೂ ಬಂತು. ಇತ್ತ ದಂಡೆಯಿಂದ ಅತ್ತ ದಂಡೆಯ ತನಕ ತಾಯಿ ತುಂಬಿ ಹರಿಯುತ್ತಿದ್ದಳು. ನನಗೆ ಕಳ್ಳನ ಪಾತ್ರ ಮರೆತೇ ಹೋಯಿತು. ಕೈ ಮುಗಿದು ಕಣ್ಣು ಮುಚ್ಚಿದೆ. ಆ ಹೆಣ್ಣುಮಗಳನ್ನು ಉಳಿಸು ತಾಯಿ ಎಂದೆ.

ಎರಡೂ ಕೈ ಮುಗಿದಿದ್ದೇನೆ ಎಂಬುದು ಆಮೇಲೆ ಹೊಳೆಯಿತು. ಹಾಗಾದರೆ ಹಿಡಿದವರು? ಕಣ್ಣು ತೆರೆದು ಬಲಕ್ಕೆ ನೋಡಿದೆ. ಸಾಹೇಬರ ಎರಡೂ ಕೈಗಳು ಎದೆಯ ಮುಂದೆ ಮುಗಿದಿದ್ದವು, ಕಣ್ಣು ಮುಚ್ಚಿತ್ತು, ತುಟಿ ತೆಲುಗಿನಲ್ಲಿ ಏನೋ ಬೇಡಿಕೊಳ್ಳುತ್ತಿತ್ತು. ಗೋದಾವರಿ ದಂಡೆಯಲ್ಲಿ ಹುಟ್ಟಿದವರು, ಅವರು ಕೂಸಿದ್ದಾಗಲೇ ಹೆತ್ತತಾಯಿ ಕೈ ಜೋಡಿಸಲು ಕಲಿಸಿದ್ದಿರಬೇಕು.

ನನ್ನ ಎಡ ರಟ್ಟೆ ಮಾತ್ರ ನೋಯುತ್ತಿತ್ತು. ಜವಾನ ತನ್ನ ಎರಡೂ ಕೈಗಳಿಂದ ಅದನ್ನು ಅವುಚಿ ಹಿಡಿದಿದ್ದ. ಅವನು ನದಿಯ ಕಡೆ ನೋಡುತ್ತಿರಲಿಲ್ಲ. ನನ್ನನ್ನೇ ನೋಡುತ್ತಿದ್ದ. ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಒಂದು ಕೈಯನ್ನೂ ಬಿಟ್ಟಿರಲಿಲ್ಲ.

ಸಾಹೇಬರು ಕಣ್ಣು ತೆರೆದರು. ತಮ್ಮ ಕೈಗಳನ್ನು ನೋಡಿಕೊಂಡರು, ಆಮೇಲೆ ನನ್ನ ರಟ್ಟೆಯನ್ನು ನೋಡಿದರು.

“ಸಾಹೇಬ್ರೇ,” ಎಂದ ಜವಾನ ಮೆಲ್ಲಗೆ, “ನೀವು ಬಿಟ್ರಿ. ನಾ ಹಿಡ್ದೀನ್ರಿ.”

ಆದೇಶದಲ್ಲಿ ಸಾಹೇಬರು ಒಂದು ಇಂಕ್ರಿಮೆಂಟ್ ತಡೆಯಲು ಮಾತ್ರ ಬರೆದರು. ನೌಕರಿ ಉಳಿಯಿತು, ಕಾರ್ಡ್ ಉಳಿಯಿತು. ಆ ಕಾರ್ಡಿನ ಮೇಲೆ ಆಕೆ ಇನ್ನೊಂದು ಯುಗಾದಿ ಕಂಡಳು. ಅದರಾಚೆಯದು ಇಲಾಖೆಯ ಕೈಯಲ್ಲೂ ಇರಲಿಲ್ಲ, ಸಂಘದ ಕೈಯಲ್ಲೂ ಇರಲಿಲ್ಲ. ಯಾರ ಕೈಯಲ್ಲಿತ್ತೋ ಆತ ಕರೆದುಕೊಂಡ. ಆತನ ಲೆಕ್ಕ ನನಗೆ ತಿಳಿಯದು, ತಪ್ಪಿರಲಾರದೆಂದು ನಂಬಿದ್ದೇನೆ. ಕೃಷ್ಣೆ ದಾಟುವಾಗ ಈಗ ಆಕೆಯ ಪಾಲಿನದನ್ನೂ ನಾನೇ ಮುಗಿಯುತ್ತೇನೆ.

ಆದರೆ ಅವತ್ತು ಜೀಪಿನಲ್ಲಿ ಇನ್ನೊಂದು ಮಾತಾಯಿತು. ಮೀನಿನ ಅಂಗಡಿಗಳನ್ನು ದಾಟಿದರೂ ಜವಾನ ನನ್ನ ರಟ್ಟೆ ಬಿಟ್ಟಿರಲಿಲ್ಲ. ಸಾಹೇಬರೇ, “ಸಾಕು ಬಿಡಪ್ಪಾ, ಬ್ರಿಜ್ ಮುಗೀತು. ಆಚಾರ್ರು ಎಲ್ಲಿಗೆ ಓಡಿ ಹೋಗ್ತಾರ?” ಎಂದರು.

ಜವಾನ ನನ್ನ ನಾಮ, ಮುದ್ರೆಗಳನ್ನು ಮೇಲಿಂದ ಕೆಳಗಿನ ತನಕ ಒಮ್ಮೆ ನೋಡಿದ. ಹಿಡಿತ ಇನ್ನಷ್ಟು ಬಿಗಿ ಮಾಡಿದ.

“ಯಾರಿಗೆ ಗೊತ್ರಿ ಸಾಹೇಬ್ರೇ? ನಾ ಕಣ್ಣು ಮುಚ್ಚೂ ಮುಂದ ಆ ಕಳ್ಳನೂ ಥೇಟ್ ಹಿಂಗ ಭಕ್ತಿಲೆ ಕೂತಿದ್ದ.”